ಭೂಕಂಪದ ಬಿರುಕಿನ ಮೇಲೆ 63,000 ಜನರ ಕ್ರೀಡಾಂಗಣ! ಬರ್ಕ್ಲಿಯವರು ಆ ಜಾಗವನ್ನೇ ಏಕೆ ಆರಿಸಿಕೊಂಡರು?

ಕಾಂಕ್ರೀಟ್ ಗೋಡೆಯೊಂದು ಮೇಲಿನಿಂದ ಕೆಳಗಿನವರೆಗೆ ಸೀಳಿದೆ. ಸೀಳಿನ ಎಡಭಾಗ ಒಂದು ಕಡೆ, ಬಲಭಾಗ ಒಂದು ಅಡಿ ಆಚೆ. ಕೆಳಗೆ ಒಂದು ಸಾಲು: "ಅಮೆರಿಕದ ಬುದ್ಧಿವಂತರು ಭೂಕಂಪದ ಬಾಯಿಯ ಮೇಲೆಯೇ ಸ್ಟೇಡಿಯಂ ಕಟ್ಟಿದ್ದಾರೆ. ಒಂದು ದಿನ ಭೂಮಿ ಬಾಯಿ ತೆರೆದು 60 ಸಾವಿರ ಜನರನ್ನು ನುಂಗುತ್ತದೆ!" ಇಂಥ ಒಂದು ಫೋಟೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿದ್ದರೆ ಆಶ್ಚರ್ಯವಿಲ್ಲ.

ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಬಿರುಕಿನ ಮೇಲೆ ಕ್ರೀಡಾಂಗಣ ಇರುವುದು ನಿಜ. ಗೋಡೆ ಸರಿದದ್ದೂ ನಿಜ. ಭೂಮಿ ಬಾಯಿ ತೆರೆದು ನುಂಗುತ್ತದೆ ಎನ್ನುವುದು ಮಾತ್ರ ಸಿನಿಮಾದ ಮಾತು. ಆದರೆ ಈ ಫಾರ್ವರ್ಡ್ ಕೇಳದೇ ಬಿಟ್ಟಿರುವ ಪ್ರಶ್ನೆ ಇನ್ನೂ ಸ್ವಾರಸ್ಯದ್ದು: ಅಷ್ಟು ದೊಡ್ಡ ವಿಶ್ವವಿದ್ಯಾಲಯ, ಭೂಗರ್ಭಶಾಸ್ತ್ರ ಕಲಿಸುವ ಪ್ರಾಧ್ಯಾಪಕರೇ ಇರುವ ಜಾಗ, ಹೋಗಿ ಹೋಗಿ ಬಿರುಕಿನ ಮೇಲೆಯೇ ಏಕೆ ಕಟ್ಟಿತು? ಗೊತ್ತಾದ ಮೇಲಾದರೂ ಬೇರೆ ಕಡೆಗೆ ಏಕೆ ಹೋಗಲಿಲ್ಲ?

ಉತ್ತರಕ್ಕೆ ಹೋಗುವ ಮೊದಲು ಒಂದು ಸ್ಪಷ್ಟನೆ. ಇಲ್ಲಿ ಫುಟ್‌ಬಾಲ್ ಎಂದರೆ ನಾವು ಆಡುವ, ಮೆಸ್ಸಿ ಆಡುವ ಆಟವಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಕೆಡವುವ ಅಮೆರಿಕನ್ ಫುಟ್‌ಬಾಲ್. ಅಲ್ಲಿ ಕಾಲೇಜು ತಂಡಗಳ ಪಂದ್ಯಕ್ಕೆ ಇರುವ ಹುಚ್ಚು ನಮ್ಮ ಐಪಿಎಲ್‌ಗೆ ಕಡಿಮೆಯಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. ಅಂದರೆ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಎರಡೂವರೆ ಪಟ್ಟಿಗೂ ಹೆಚ್ಚು. ಅದೂ ಒಂದು ಕಾಲೇಜು ತಂಡಕ್ಕೆ!

ಆದರೆ ಒಂದು ತಂಡ ತನ್ನ ಊರಿನಲ್ಲಿ ಆಡುವುದು ವರ್ಷಕ್ಕೆ ಆರೋ ಏಳೋ ಪಂದ್ಯ ಮಾತ್ರ. ಆಟದ ಅಂಕಣ ದೊಡ್ಡದೇನಲ್ಲ. 110 ಮೀಟರ್ ಉದ್ದ, 49 ಮೀಟರ್ ಅಗಲ, ನಮ್ಮ ಲೆಕ್ಕದಲ್ಲಿ ಒಂದು ಎಕರೆ ಹದಿಮೂರು ಗುಂಟೆಯಷ್ಟು. ಅದರ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಆಸನ, ಒಳಗೆ ಹೋಗುವ ದಾರಿ, ಹೊರಗೆ ಬರುವ ದಾರಿ, ಶೌಚಾಲಯ, ಆಟಗಾರರ ಕೋಣೆ, ಟಿವಿಯವರ ವ್ಯಾನು ಎಂದು ಸೇರಿಸುತ್ತಾ ಹೋದರೆ ಹತ್ತು ಎಕರೆ ದಾಟುತ್ತದೆ. ಕಾರು ನಿಲ್ಲಿಸುವ ಜಾಗ ಬೇರೆ. ವರ್ಷದಲ್ಲಿ ಒಂದು ವಾರ ತುಂಬುವ, ಉಳಿದ 51 ವಾರ ಖಾಲಿ ಕೂರುವ ಕಟ್ಟಡಕ್ಕೆ ಕಾಲೇಜಿನ ನಡುವೆ ಅಷ್ಟು ನೆಲ ಎಲ್ಲಿಂದ ತರುವುದು? ಜಗಳವೆಲ್ಲ ಶುರುವಾಗುವುದು ಇಲ್ಲೇ.

ಒಂದು ಬಟ್ಟಲು ಸಿಕ್ಕಿತು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದಲ್ಲಿದೆ. ಪಶ್ಚಿಮಕ್ಕೆ ಊರು, ಅದರಾಚೆ ಸಮುದ್ರದ ಹಿನ್ನೀರು. ಪೂರ್ವಕ್ಕೆ ಗುಡ್ಡಸಾಲು. ಮೊದಲ ಮಹಾಯುದ್ಧದಲ್ಲಿ ಸತ್ತ ಕ್ಯಾಲಿಫೋರ್ನಿಯಾದವರ ನೆನಪಿಗೆ ಒಂದು ದೊಡ್ಡ ಕ್ರೀಡಾಂಗಣ ಕಟ್ಟಬೇಕು ಎಂದು 1920ರ ದಶಕದ ಆರಂಭದಲ್ಲಿ ತೀರ್ಮಾನವಾಯಿತು. ಸಾರ್ವಜನಿಕರಿಂದಲೇ ಚಂದಾ ಎತ್ತಿದರು.

ದುಡ್ಡು ಬಂತು, ಜಾಗ? ಕೆಳಗೆ ಊರಿನ ಕಡೆಗೆ ಕಟ್ಟಬೇಕೆಂದರೆ ಮನೆ, ಅಂಗಡಿಗಳನ್ನು ಕೊಳ್ಳಬೇಕು. ಮೇಲೆ ಗುಡ್ಡದ ಬುಡದಲ್ಲಿ ಸ್ಟ್ರಾಬೆರಿ ಕಣಿವೆಯ ಬಾಯಿ ಇತ್ತು. ಜಾಗ ವಿಶ್ವವಿದ್ಯಾಲಯದ್ದೇ. ಮೂರು ಕಡೆ ಏರು, ನಡುವೆ ತಗ್ಗು. ಪ್ರಕೃತಿಯೇ ಅರ್ಧ ಕ್ರೀಡಾಂಗಣ ಮಾಡಿಟ್ಟಂತೆ. ಕಣಿವೆಯ ಚೆಲುವು ಹಾಳಾಗುತ್ತದೆ ಎಂದು ಆಗಲೂ ಜನ ವಿರೋಧಿಸಿದರು. ಆದರೆ ಬಟ್ಟಲಿನಂಥ ಜಾಗ ಬಿಟ್ಟಿಯಾಗಿ ಸಿಗುವಾಗ ಬೇಡ ಎನ್ನುವುದು ಕಷ್ಟ.

ಕೆಲಸ ನಡೆದ ಬಗೆಯೂ ವಿಚಿತ್ರ. ಚಿನ್ನದ ಗಣಿಯವರು ಬಳಸುತ್ತಿದ್ದ ವಿಧಾನದಲ್ಲಿ, ಜೋರಾದ ನೀರಿನ ಧಾರೆ ಬಿಟ್ಟು ಗುಡ್ಡದ ಮಣ್ಣನ್ನು ಕೊಚ್ಚಿ ಇಳಿಸಿದರು. ಪೂರ್ವದ ಅರ್ಧ ಗುಡ್ಡದ ಮೈಗೆ ಒರಗಿ ಕೂತಿತು. ಪಶ್ಚಿಮದ ಅರ್ಧ ಕಾಂಕ್ರೀಟ್ ಗೋಡೆ, ಕಂಬಗಳ ಮೇಲೆ ಎದ್ದಿತು. ಕಣಿವೆಯಲ್ಲಿ ಹರಿಯುತ್ತಿದ್ದ ಸ್ಟ್ರಾಬೆರಿ ಹಳ್ಳವನ್ನು ಮೋರಿಯೊಳಗೆ ತೂರಿಸಿ ಅಂಕಣದ ಅಡಿಯಲ್ಲಿ ಹರಿಸಿದರು. 1923ರ ನವೆಂಬರ್ 24ರಂದು ಬದ್ಧ ವೈರಿ ಸ್ಟ್ಯಾನ್‌ಫರ್ಡ್ ವಿರುದ್ಧ ಮೊದಲ ಪಂದ್ಯ. ಬರ್ಕ್ಲಿ 9–0ಯಿಂದ ಗೆದ್ದಿತು. (ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಗುಡ್ಡದಿಂದ ಇಳಿದ ಕಾಳ್ಗಿಚ್ಚು ಊರಿನ ಉತ್ತರ ಭಾಗದಲ್ಲಿ ಸುಮಾರು 600 ಮನೆಗಳನ್ನು ಸುಟ್ಟಿತ್ತು. ಆ ಗುಡ್ಡದ ಬುಡ ಯಾವ ಕಾಲಕ್ಕೂ ನೆಮ್ಮದಿಯ ಜಾಗವಾಗಿರಲಿಲ್ಲ.)

ಬೆಂಗಳೂರಿನವರಿಗೆ ಇದು ಎಲ್ಲೋ ಕೇಳಿದ ಕತೆ ಎನ್ನಿಸಬಹುದು. ನಮ್ಮ ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಸಮತಟ್ಟಾಗಿದೆ, ಯಾರ ಮನೆಯೂ ಇಲ್ಲ, ಸರ್ಕಾರದ ಸ್ವತ್ತು. ದೊಡ್ಡ ಮೈದಾನಕ್ಕೆ ಜಾಗ ಹುಡುಕುವವರ ಕಣ್ಣು ಜಗತ್ತಿನಲ್ಲೆಲ್ಲ ಮೊದಲು ಬೀಳುವುದು ಇಂಥ ತಗ್ಗುಗಳ ಮೇಲೆ. ಅದು ಏಕೆ ಖಾಲಿ ಉಳಿದಿತ್ತು ಎಂಬ ಪ್ರಶ್ನೆ ಆಮೇಲೆ ಬರುತ್ತದೆ.

ಬಟ್ಟಲು ಮಾಡಿದ್ದು ಯಾರು?

ಬರ್ಕ್ಲಿಯ ಗುಡ್ಡಸಾಲಿನ ಬುಡದಲ್ಲಿ ಹೇವರ್ಡ್ ಫಾಲ್ಟ್ ಹಾದುಹೋಗುತ್ತದೆ. ಫಾಲ್ಟ್ ಎಂದರೆ ಭೂಮಿಯ ಬಂಡೆಪದರದಲ್ಲಿರುವ ಆಳವಾದ ಬಿರುಕು. ಶಾಲೆಯ ಪುಸ್ತಕದಲ್ಲಿ ಇದನ್ನೇ ಸ್ತರಭಂಗ ಎಂದು ಓದಿರುತ್ತೀರಿ. ಹೇವರ್ಡ್ ಬಿರುಕಿನ ಎರಡೂ ಬದಿಯ ನೆಲ ಒಂದನ್ನೊಂದು ಉಜ್ಜಿಕೊಂಡು ಅಡ್ಡಡ್ಡವಾಗಿ ಜಾರುತ್ತದೆ. ಪಕ್ಕಪಕ್ಕದಲ್ಲಿ ಎರಡು ಪುಸ್ತಕ ಇಟ್ಟು, ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಳ್ಳಿ ನೋಡಿ. ನಡುವೆ ಹಳ್ಳ ಬೀಳುವುದಿಲ್ಲ. ಅಂಚು ಮಾತ್ರ ತಪ್ಪುತ್ತದೆ. ಭೂಮಿ ಬಾಯಿ ತೆರೆದು ನುಂಗುತ್ತದೆ ಎಂಬ ಮಾತು ಇಲ್ಲಿ ಹೊಂದುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ. ಹಾಗೆಂದು ಅಪಾಯವಿಲ್ಲ ಎಂದಲ್ಲ. ಅಪಾಯದ ಬಗೆ ಬೇರೆ.

ಬಿರುಕಿನ ಉದ್ದಕ್ಕೂ ಬಂಡೆ ಅರೆದು ಪುಡಿಯಾಗಿರುತ್ತದೆ, ನೀರು ಅದನ್ನು ಸುಲಭವಾಗಿ ಕೊರೆಯುತ್ತದೆ. ಸ್ಟ್ರಾಬೆರಿ ಹಳ್ಳವೇ ಇದಕ್ಕೆ ಸಾಕ್ಷಿ. ಗುಡ್ಡದಿಂದ ನೇರವಾಗಿ ಇಳಿಯಬೇಕಿದ್ದ ಹಳ್ಳ ಬಿರುಕನ್ನು ಮುಟ್ಟಿದ ಕೂಡಲೇ ತಿರುಗಿ, ನೂರಾರು ಮೀಟರ್ ಪಕ್ಕಕ್ಕೆ ಹರಿದು, ಮತ್ತೆ ಪಶ್ಚಿಮಕ್ಕೆ ಹೊರಳುತ್ತದೆ. ಸಾವಿರಾರು ವರ್ಷಗಳ ಭೂಕಂಪಗಳು ಹಳ್ಳದ ಕೆಳಭಾಗವನ್ನು ಮೇಲ್ಭಾಗದಿಂದ ಅಷ್ಟು ದೂರ ಎಳೆದುಕೊಂಡು ಹೋಗಿವೆ. ಅಂದರೆ, ಕ್ರೀಡಾಂಗಣಕ್ಕೆ ಹೇಳಿ ಮಾಡಿಸಿದಂತಿದ್ದ ಆ ತಗ್ಗಿನ ಆಕಾರದಲ್ಲಿ ಬಿರುಕಿನ ಕೈವಾಡವೂ ಇತ್ತು.

ಆಗಿನವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. 1868ರ ಅಕ್ಟೋಬರ್ 21ರಂದು ಇದೇ ಬಿರುಕಿನಲ್ಲಿ ಸುಮಾರು 6.8 ತೀವ್ರತೆಯ ಭೂಕಂಪವಾಗಿತ್ತು. 1906ರ ಸ್ಯಾನ್ ಫ್ರಾನ್ಸಿಸ್ಕೋ ಮಹಾಭೂಕಂಪದ ನಂತರ ಬರ್ಕ್ಲಿಯದೇ ಪ್ರಾಧ್ಯಾಪಕ ಆಂಡ್ರ್ಯೂ ಲಾಸನ್ ನೇತೃತ್ವದಲ್ಲಿ ಬಂದ 1908ರ ದೊಡ್ಡ ವರದಿಯಲ್ಲಿ ಹೇವರ್ಡ್ ಬಿರುಕಿನ ವಿವರವೂ ಇತ್ತು. ಕ್ರೀಡಾಂಗಣ ಕಟ್ಟಿದವರು ಬಿರುಕು ಹಾದುಹೋಗುವ ಕಡೆ ಗೋಡೆಯಲ್ಲಿ ಸಂದು ಬಿಟ್ಟರು. ಫ್ಲೈಓವರ್ ಮೇಲೆ ಹೋಗುವಾಗ ಟಕ್ ಟಕ್ ಎನ್ನುವ ಎಕ್ಸ್‌ಪಾನ್ಷನ್ ಜಾಯಿಂಟ್ ಇರುತ್ತದಲ್ಲ, ಅಂಥದ್ದು. ಎರಡು ಅರ್ಧಗಳೂ ಬೇರೆ ಬೇರೆಯಾಗಿ ಅಲುಗಲಿ ಎಂಬ ಲೆಕ್ಕ. ಆದರೆ ನೆಲ ಎಷ್ಟು, ಹೇಗೆ ಸರಿಯುತ್ತದೆ ಎಂಬ ತಿಳಿವಳಿಕೆ ಆಗ ಇನ್ನೂ ಎಳೆಯದು.

ಅವರಿಗೆ ಗೊತ್ತಿರದ ಮುಖ್ಯ ಸಂಗತಿ ಒಂದಿತ್ತು. ಈ ಬಿರುಕು ಭೂಕಂಪವಿಲ್ಲದ ದಿನಗಳಲ್ಲೂ ಸುಮ್ಮನಿರುವುದಿಲ್ಲ. ಸದ್ದಿಲ್ಲದೆ ತೆವಳುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ 5 ಮಿಲಿಮೀಟರ್. ನಿಮ್ಮ ಕೈಬೆರಳಿನ ಉಗುರು ಒಂದೂವರೆ ತಿಂಗಳಲ್ಲಿ ಇಷ್ಟು ಬೆಳೆಯುತ್ತದೆ. ಇದರಿಂದ ಏನಾದೀತು ಎನ್ನಬೇಡಿ. 80 ವರ್ಷ ಬಿಟ್ಟರೆ 40 ಸೆಂಟಿಮೀಟರ್ ಆಸುಪಾಸು. ಬಿರುಕು ಒಂದು ಗೋಲಿನ ಕಡೆಯಿಂದ ಇನ್ನೊಂದು ಗೋಲಿನ ಕಡೆಗೆ, ಅಂಕಣದ ಉದ್ದಕ್ಕೂ ಹಾದುಹೋಗುತ್ತದೆ. ಎರಡೂ ತುದಿಗಳಲ್ಲಿ ಹೊರಗೋಡೆಯನ್ನು ದಾಟುವಲ್ಲಿ ಗೋಡೆಯ ಅಂಚು ತಪ್ಪಿತು, ಕಂಬಗಳು ವಾಲಿದವು. ಅಡಿಯಲ್ಲಿದ್ದ ಹಳ್ಳದ ಮೋರಿ ಸೀಳಿದ್ದನ್ನು 1960ರ ದಶಕದಲ್ಲೇ ಭೂವಿಜ್ಞಾನಿಗಳು ದಾಖಲಿಸಿದರು. ಫಾರ್ವರ್ಡ್‌ನಲ್ಲಿ ಬರುವ ಗೋಡೆಯ ಫೋಟೋ ಈ ತೆವಳಿಕೆಯದು. ಯಾವ ಭೂಕಂಪವೂ ಅದನ್ನು ಮಾಡಲಿಲ್ಲ. ಒಂದೊಂದೇ ಮಿಲಿಮೀಟರ್ ಸರಿದು ಸರಿದು ಆದದ್ದು.

"ಬೇರೆ ಕಡೆ ಕಟ್ಟಿಕೊಳ್ಳಬಾರದಿತ್ತೇ?"

ಸಹಜ ಪ್ರಶ್ನೆ. ಬಿರುಕು ಇಲ್ಲಿದೆ, ಆದ್ದರಿಂದ ಬಿರುಕಿಲ್ಲದ ಕಡೆ ಹೋದರೆ ಸುರಕ್ಷಿತ. ನಮ್ಮೆಲ್ಲರ ತಲೆಯಲ್ಲಿರುವ ಲೆಕ್ಕ ಇದೇ. ಆದರೆ ಭೂಕಂಪ ಎರಡು ಬಗೆಯಲ್ಲಿ ಕಟ್ಟಡಗಳನ್ನು ಕೆಡವುತ್ತದೆ. ಬಿರುಕಿನ ಮೇಲೆಯೇ ಇದ್ದರೆ ನೆಲ ಸರಿದು ಅಡಿಪಾಯವನ್ನು ಹರಿಯುತ್ತದೆ. ಇದು ಕೆಲವೇ ಮೀಟರ್ ಅಗಲದ ಪಟ್ಟಿಯಲ್ಲಿ ನಡೆಯುವ ಕೆಲಸ. ಇನ್ನೊಂದು, ಅಲುಗಾಟ. ಅದು ಹತ್ತಾರು ಕಿಲೋಮೀಟರ್ ಹರಡುತ್ತದೆ. ಅದರ ಜೋರು ಬಿರುಕಿನಿಂದ ಎಷ್ಟು ದೂರ ಎಂಬುದರ ಜೊತೆಗೆ, ಕಾಲಡಿಯಲ್ಲಿ ಎಂಥ ಮಣ್ಣಿದೆ ಎಂಬುದರ ಮೇಲೂ ನಿಂತಿದೆ.

ಬರ್ಕ್ಲಿಯಲ್ಲಿ ಬಿರುಕಿನಿಂದ ದೂರ ಹೋಗಬೇಕೆಂದರೆ ಪಶ್ಚಿಮಕ್ಕೆ, ಕೊಲ್ಲಿಯ ದಡದ ಕಡೆ ಇಳಿಯಬೇಕು. ಅಲ್ಲಿ ಇರುವುದು ಮೆತ್ತಗಿನ ಕೆಸರು, ಅದರ ಮೇಲೆ ಮನುಷ್ಯರು ತುಂಬಿದ ಮಣ್ಣು. ತಟ್ಟೆಯಲ್ಲಿ ಕಲ್ಲಿಟ್ಟು ಅಲುಗಿಸಿ, ಅದೇ ತಟ್ಟೆಯಲ್ಲಿ ರಾಗಿ ಅಂಬಲಿ ಸುರಿದು ಅಲುಗಿಸಿ, ವ್ಯತ್ಯಾಸ ಗೊತ್ತಾಗುತ್ತದೆ. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೇಟಾ ಭೂಕಂಪ ಇದನ್ನು ಕ್ರೂರವಾಗಿ ತೋರಿಸಿತು. ತೀವ್ರತೆ 6.9. ಕೇಂದ್ರ ಇದ್ದದ್ದು ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ. ಆದರೂ ಬರ್ಕ್ಲಿಯ ಪಕ್ಕದ ಓಕ್‌ಲ್ಯಾಂಡ್‌ನಲ್ಲಿ ಕೆಸರು ಮಣ್ಣಿನ ಮೇಲೆ ನಿಂತಿದ್ದ ಎರಡಂತಸ್ತಿನ ಮೇಲ್ಸೇತುವೆಯ ಭಾಗ ಕುಸಿದು 42 ಜನ ಸತ್ತರು. ಒಟ್ಟು ಸತ್ತ 63 ಜನರಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲೇ.

ಅದೇ ಸಂಜೆ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಬೇಸ್‌ಬಾಲ್ ಪಂದ್ಯ ಶುರುವಾಗಲಿತ್ತು. 60,000ಕ್ಕೂ ಹೆಚ್ಚು ಜನ ಕೂತಿದ್ದರು, ಟಿವಿ ನೇರಪ್ರಸಾರ ನಡೆಯುತ್ತಿತ್ತು. ಕ್ರೀಡಾಂಗಣ ಗಡಗಡ ನಡುಗಿತು, ಕರೆಂಟು ಹೋಯಿತು. ಒಳಗಿದ್ದ ಒಬ್ಬರೂ ಸಾಯಲಿಲ್ಲ. ಭೂಕಂಪದಲ್ಲಿ ಅತಿ ಅಪಾಯದ ಜಾಗ ಜನ ತುಂಬಿದ ಕ್ರೀಡಾಂಗಣ ಎಂದುಕೊಳ್ಳುವವರು ಆ ದಿನದ ಈ ಎರಡು ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಹಾಗಾಗಿ ಜಾಗದ ಆಯ್ಕೆ ಎಂದರೆ ಒಳ್ಳೆಯದು ಒಂದು, ಕೆಟ್ಟದ್ದು ಒಂದು ಎಂಬಂತೆ ಇರಲಿಲ್ಲ. ಮೇಲೆ ಹೋದರೆ ಬಿರುಕು, ಕೆಳಗೆ ಹೋದರೆ ಕೆಸರು. ನಡುವೆ ಹೋದರೆ ಜನರ ಮನೆಗಳು.

ಮರ ಹತ್ತಿ ಕೂತವರು

1971ರಲ್ಲಿ ಲಾಸ್ ಏಂಜಲಿಸ್ ಬಳಿಯ ಸ್ಯಾನ್ ಫರ್ನಾಂಡೋ ಭೂಕಂಪದ ನಂತರ, 1972ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ತಂದಿತು. ಆಲ್ಕ್ವಿಸ್ಟ್-ಪ್ರಿಯೋಲೋ ಕಾಯ್ದೆ ಎಂದು ಹೆಸರು. ಜೀವಂತ ಬಿರುಕಿನ ಗೆರೆಯ ಮೇಲೆ ಜನ ಬಳಸುವ ಹೊಸ ಕಟ್ಟಡ ಕಟ್ಟುವಂತಿಲ್ಲ. ಹಳೆಯದನ್ನು ತಿದ್ದಬಹುದು, ಆದರೆ ಖರ್ಚು ಆ ಕಟ್ಟಡದ ಬೆಲೆಯ ಅರ್ಧ ಮೀರಬಾರದು. ಅಂದರೆ 1923ರ ಕ್ರೀಡಾಂಗಣವನ್ನು ಇಂದು ಅದೇ ಜಾಗದಲ್ಲಿ ಹೊಸದಾಗಿ ಕಟ್ಟಲು ಸಾಧ್ಯವೇ ಇಲ್ಲ. ಕೆಡವಿದರೆ ಜಾಗ ಹೋಯಿತು. ಉಳಿಸಿಕೊಂಡರೆ ಮಾತ್ರ ತಿದ್ದಬಹುದು. ಅಪಾಯ ತಗ್ಗಿಸಲೆಂದು ಮಾಡಿದ ಕಾನೂನು ಹಳೆಯ ಕಟ್ಟಡವನ್ನು ಹೇಗಾದರೂ ಉಳಿಸಿಕೊಳ್ಳುವಂತೆ ಮಾಡಿತು ಎನ್ನುವುದು ನನಗೆ ಈ ಇಡೀ ಕತೆಯಲ್ಲಿ ಕಂಡ ದೊಡ್ಡ ವ್ಯಂಗ್ಯ.

2000ದ ದಶಕದಲ್ಲಿ ವಿಶ್ವವಿದ್ಯಾಲಯ ಎರಡು ಹಂತದ ಯೋಜನೆ ಹಾಕಿತು. ಮೊದಲು ಕ್ರೀಡಾಂಗಣದ ಪಶ್ಚಿಮ ಗೋಡೆಯ ಪಕ್ಕದಲ್ಲಿ, ಬಿರುಕಿನಿಂದ ಹೊರಗೆ, ಆಟಗಾರರ ತರಬೇತಿ ಕೇಂದ್ರ. ಆಮೇಲೆ ಕ್ರೀಡಾಂಗಣವನ್ನೇ ಬಲಪಡಿಸುವುದು. ತರಬೇತಿ ಕೇಂದ್ರಕ್ಕೆ ಮೊದಲ ಸ್ಥಾನ ಏಕೆ? ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ.

ಏಳು ಪಂದ್ಯ, ಒಂದಕ್ಕೆ ನಾಲ್ಕು ಗಂಟೆ ಎಂದರೆ ಕ್ರೀಡಾಂಗಣ ತುಂಬಿರುವುದು ವರ್ಷಕ್ಕೆ 28 ಗಂಟೆ. ವರ್ಷದಲ್ಲಿ ಇರುವುದು 8,760 ಗಂಟೆ. 300 ಗಂಟೆಗೆ ಒಂದು ಗಂಟೆಯೂ ಇಲ್ಲ. 2014ರಿಂದ 2043ರವರೆಗಿನ 30 ವರ್ಷದಲ್ಲಿ ಹೇವರ್ಡ್ ಮತ್ತು ಅದಕ್ಕೆ ಸೇರಿದ ಉತ್ತರದ ಬಿರುಕಿನಲ್ಲಿ 6.7 ಅಥವಾ ಹೆಚ್ಚಿನ ತೀವ್ರತೆಯ ಭೂಕಂಪವಾಗುವ ಸಂಭವ ಶೇ. 33 ಎಂದು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಅಂದಾಜಿಸಿದೆ. ಅಂದರೆ ಮೂರರಲ್ಲಿ ಒಂದು. ಎರಡನ್ನೂ ಗುಣಿಸಿ. ಪಂದ್ಯ ನಡೆಯುವಾಗಲೇ ಆ ಭೂಕಂಪ ಬರುವ ಸಂಭವ ಸಾವಿರಕ್ಕೆ ಒಂದರ ಆಸುಪಾಸು. ಸಣ್ಣದೇ. ಆದರೆ ಕ್ರೀಡಾಂಗಣದ ಆಸನಗಳ ಕೆಳಗಿನ ಕೋಣೆಗಳಲ್ಲಿ ಕಚೇರಿಗಳಿದ್ದವು, ವ್ಯಾಯಾಮಶಾಲೆ ಇತ್ತು. ತರಬೇತುದಾರರು, ಸಿಬ್ಬಂದಿ, ಆಟಗಾರರು ವರ್ಷವಿಡೀ ಅಲ್ಲೇ ಇರುತ್ತಿದ್ದರು. ಫಾರ್ವರ್ಡ್ ಹೆದರಿಸುವುದು 60 ಸಾವಿರ ಪ್ರೇಕ್ಷಕರ ಹೆಸರಿನಲ್ಲಿ. ದಿನನಿತ್ಯದ ಅಪಾಯ ಇದ್ದದ್ದು ಯಾರ ಕಣ್ಣಿಗೂ ಬೀಳದ ಈ ಜನಕ್ಕೆ.

ತರಬೇತಿ ಕೇಂದ್ರದ ಜಾಗದಲ್ಲಿ ಓಕ್ ಮರಗಳ ತೋಪಿತ್ತು. 2006ರ ಡಿಸೆಂಬರ್‌ನಲ್ಲಿ ಕೆಲವರು ಮರ ಹತ್ತಿ ಕೂತರು. ಇಳಿದದ್ದು 2008ರ ಸೆಪ್ಟೆಂಬರ್‌ನಲ್ಲಿ, ಅಂದರೆ 21 ತಿಂಗಳ ನಂತರ! ಹಗಲು ರಾತ್ರಿ ಮರದ ಮೇಲೆಯೇ ವಾಸ. ಬರ್ಕ್ಲಿ ನಗರಾಡಳಿತ, ಗುಡ್ಡದ ನಿವಾಸಿಗಳ ಸಂಘ, ಓಕ್ ಮರಗಳ ಪರ ಕೆಲಸ ಮಾಡುವ ಸಂಸ್ಥೆ, ಎಲ್ಲರೂ ನ್ಯಾಯಾಲಯಕ್ಕೆ ಹೋದರು. ಪ್ರಾಚೀನ ಕಾಡು ಕಡಿಯುತ್ತಾರೆ ಎಂಬ ಮಾತು ಆಗ ಹರಡಿತ್ತು. ಬಹುಪಾಲು ಮರಗಳು ಕ್ರೀಡಾಂಗಣ ಕಟ್ಟಿದ ಮೇಲೆ ನೆಟ್ಟವು ಎಂದು ವಿಶ್ವವಿದ್ಯಾಲಯ ಹೇಳಿತು. 80 ವರ್ಷದ ಮರವಾದರೇನು, ಮರ ಮರವೇ ಎನ್ನುವುದು ವಿರೋಧಿಗಳ ವಾದ. ಎರಡೂ ಮಾತಿನಲ್ಲಿ ಹುರುಳಿದೆ.

ನನಗೆ ಮರಗಳಿಗಿಂತ ಗುಡ್ಡದ ನಿವಾಸಿಗಳ ಮಾತು ಹೆಚ್ಚು ತೂಕದ್ದು ಎನ್ನಿಸುತ್ತದೆ. ಕ್ರೀಡಾಂಗಣದ ಮೇಲಿನ ಆ ಬಡಾವಣೆಗೆ ಹೋಗಿಬರಲು ಇರುವುದು ಒಂದೇ ಕಿರಿದಾದ, ಸುತ್ತುಬಳಸಿನ ರಸ್ತೆ. ಬೆಂಕಿ ಬಿದ್ದ ದಿನ, ಭೂಕಂಪವಾದ ದಿನ, ಕೆಳಗೆ 60 ಸಾವಿರ ಜನ ರಸ್ತೆಗಿಳಿದಿದ್ದರೆ ಅಗ್ನಿಶಾಮಕ ವಾಹನ ಎಲ್ಲಿಂದ ಬರಬೇಕು? ಕ್ರೀಡಾಂಗಣದ ಅಪಾಯ ಗೋಡೆಯೊಳಗೇ ಮುಗಿಯುವುದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಕಾಂಕ್ರೀಟ್‌ಗೆ ಅಲ್ಲಿ ಏನೂ ಆಗಿರಲಿಲ್ಲ. ಗೇಟು, ಅದರ ಹೊರಗಿನ ಬೀದಿ, ಅಲ್ಲಿ ಎಷ್ಟು ಜನ ಸೇರಬಹುದು ಎಂಬ ಲೆಕ್ಕ, ಇವೆಲ್ಲ ಜಾಗದ ಆಯ್ಕೆಯೊಳಗೇ ಬರುತ್ತವೆ.

ನ್ಯಾಯಾಲಯದಲ್ಲಿ ವಾದ ನಡೆದದ್ದು ಮಾತ್ರ ಬೇರೆಯದರ ಮೇಲೆ: ತರಬೇತಿ ಕೇಂದ್ರ ಬೇರೆ ಕಟ್ಟಡವೋ, ಹಳೆಯ ಕ್ರೀಡಾಂಗಣಕ್ಕೆ ಸೇರಿಸಿದ ಭಾಗವೋ? ಅರ್ಧ ಬೆಲೆ ಎಂದರೆ ಯಾವ ಬೆಲೆ? ಸೀಳಿ ನಿಂತ ಹಳೆಯ ಕಟ್ಟಡಕ್ಕೆ ಮಾರುಕಟ್ಟೆಯಲ್ಲಿ ಸಿಗುವ ಬೆಲೆಯೋ, ಅಂಥದ್ದೇ ಹೊಸದನ್ನು ಕಟ್ಟಲು ತಗಲುವ ಬೆಲೆಯೋ? ಎರಡನೆಯದನ್ನು ಹಿಡಿದರೆ ಖರ್ಚಿಗೆ ದೊಡ್ಡ ಅವಕಾಶ ಸಿಗುತ್ತದೆ. 2008ರಲ್ಲಿ, ಮೂಲ ವಿನ್ಯಾಸದ ಕೆಲವು ಜೋಡಣೆಗಳನ್ನು ಕೈಬಿಟ್ಟ ಮೇಲೆ, ಕೆಲಸಕ್ಕೆ ಹಸಿರು ನಿಶಾನೆ ಸಿಕ್ಕಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯವೂ ವಿಶ್ವವಿದ್ಯಾಲಯದ ಪರ ನಿಂತಿತು.

ಬಿರುಕಿನ ಮೇಲೆ ತೇಲುವ ಆಸನಗಳು

2010ರ ಪಂದ್ಯಗಳು ಮುಗಿದ ಮೇಲೆ ಕ್ರೀಡಾಂಗಣ ಮುಚ್ಚಿತು. ಮರುವರ್ಷ ತಂಡ ತನ್ನ ತವರಿನ ಪಂದ್ಯಗಳನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಡಿತು. 1923ರ ಹೊರಗೋಡೆಯನ್ನು ಸ್ಮಾರಕವೆಂದು ಉಳಿಸಿಕೊಂಡು, ಪಶ್ಚಿಮ ಭಾಗದ ಒಳಗಿನದನ್ನೆಲ್ಲ ಹೊಸದಾಗಿ ಕಟ್ಟಿದರು.

ಎಂಜಿನಿಯರುಗಳ ಮುಂದಿದ್ದ ಸವಾಲು ಇದು: ನೆಲ ಸರಿಯುವುದನ್ನು ತಡೆಯುವ ಕಾಂಕ್ರೀಟ್ ಲೋಕದಲ್ಲೇ ಇಲ್ಲ. ಎಷ್ಟು ದಪ್ಪ ಗೋಡೆ ಕಟ್ಟಿದರೂ ಬಿರುಕು ಅದನ್ನು ಬಿಸ್ಕತ್ತಿನಂತೆ ಮುರಿಯುತ್ತದೆ. ಆದ್ದರಿಂದ ತಡೆಯುವುದನ್ನೇ ಬಿಟ್ಟರು. ಬಿರುಕು ಹಾದುಹೋಗುವ ಎರಡೂ ತುದಿಗಳಲ್ಲಿ ಆಸನಗಳ ಭಾಗವನ್ನು ಉಳಿದ ಕಟ್ಟಡದಿಂದ ಕತ್ತರಿಸಿ, ಪ್ರತ್ಯೇಕ ಬ್ಲಾಕ್‌ಗಳಾಗಿ ಕಟ್ಟಿದರು. ಅವುಗಳ ಕೆಳಗೆ ಮರಳು, ಪ್ಲಾಸ್ಟಿಕ್ ಹಾಳೆಗಳ ಪದರ. ಸುತ್ತ ಖಾಲಿ ಸಂದು. ನೆಲ ಸರಿದರೆ ಬ್ಲಾಕ್ ಇಡಿಯಾಗಿ, ಮುರಿಯದೆ, ಹಾಳೆಯ ಮೇಲೆ ಜಾರುತ್ತದೆ, ಬೇಕಾದರೆ ತಿರುಗುತ್ತದೆ. ಅಡ್ಡಕ್ಕೆ 6 ಅಡಿ, ಮೇಲೆ ಕೆಳಗೆ 2 ಅಡಿ ಸರಿದರೂ ತಾಳುವಂತೆ ವಿನ್ಯಾಸ ಮಾಡಿದ್ದಾರೆ. ಎತ್ತರದಲ್ಲಿರುವ ಪತ್ರಕರ್ತರ ಅಂಕಣವನ್ನು ಆಸನಗಳಿಂದ ಬೇರ್ಪಡಿಸಿ, ತನ್ನದೇ ಕಾಂಕ್ರೀಟ್ ಗೋಪುರಗಳ ಮೇಲೆ ನಿಲ್ಲಿಸಿದ್ದಾರೆ. ಎರಡೂ ಬೇರೆ ಬೇರೆ ಲಯದಲ್ಲಿ ತೂಗಿದರೂ ಒಂದಕ್ಕೊಂದು ಗುದ್ದುವುದಿಲ್ಲ.

2012ರ ಸೆಪ್ಟೆಂಬರ್ 1ರಂದು ಮತ್ತೆ ತೆರೆಯಿತು. ಸುಮಾರು 63,000 ಆಸನ. ಖರ್ಚು 32 ಕೋಟಿ ಡಾಲರ್ ದಾಟಿತು. ತರಬೇತಿ ಕೇಂದ್ರದ್ದು ಬೇರೆ. ಈ ದುಡ್ಡನ್ನು ಸರ್ಕಾರದ ಅನುದಾನದಿಂದ ತರುವುದಿಲ್ಲ, ಒಳ್ಳೆಯ ಆಸನಗಳನ್ನು 40–50 ವರ್ಷದ ಮಟ್ಟಿಗೆ ಅಭಿಮಾನಿಗಳಿಗೆ ಮುಂಗಡ ಮಾರಿ ಸಾಲ ತೀರಿಸುತ್ತೇವೆ ಎಂದಿದ್ದರು. ಅಷ್ಟರಲ್ಲಿ 2008ರ ಆರ್ಥಿಕ ಕುಸಿತ ಬಂತು. ಆಸನಗಳು ನಿರೀಕ್ಷಿಸಿದಷ್ಟು ಹೋಗಲಿಲ್ಲ. ಕೊನೆಗೆ ಸಾಲದ ದೊಡ್ಡ ಪಾಲನ್ನು ಕ್ರೀಡಾ ವಿಭಾಗದ ಹೆಗಲಿನಿಂದ ವಿಶ್ವವಿದ್ಯಾಲಯವೇ ತನ್ನ ಮೇಲೆ ಹಾಕಿಕೊಳ್ಳಬೇಕಾಯಿತು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಅತಿ ದೊಡ್ಡ ಸಾಲ ಹೊತ್ತವರ ಸಾಲಿನಲ್ಲಿ ಬರ್ಕ್ಲಿಯ ಹೆಸರು ಮೊದಲಿಗೇ ಬರುತ್ತದೆ. ಬಿಟ್ಟಿ ಸಿಕ್ಕಿದ ಜಾಗದ ಬಿಲ್ಲು 90 ವರ್ಷ ಕಳೆದು ಬಂದಿತ್ತು.

ಉಳಿದವರು ಏನು ಮಾಡಿದರು?

ಬಿರುಕಿಲ್ಲದ ಊರುಗಳಲ್ಲೂ ಕೆಲಸ ಸಲೀಸಾಗಿಲ್ಲ. ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯ 1968ರಲ್ಲಿ ಊರ ಹೊರಗೆ, ಗುಡ್ಡದ ಬುಡದಲ್ಲಿ ಕ್ರೀಡಾಂಗಣ ಕಟ್ಟಿಕೊಂಡಿತ್ತು. ವಿದ್ಯಾರ್ಥಿಗಳು ಅಷ್ಟು ದೂರ ಬರುವುದಿಲ್ಲ ಎಂದು 2017ರಲ್ಲಿ ಆವರಣದೊಳಗೇ ಸುಮಾರು 22 ಕೋಟಿ ಡಾಲರ್‌ನಲ್ಲಿ ಹೊಸದು ಕಟ್ಟಿತು. ಅದಕ್ಕಾಗಿ ತೋಟಗಾರಿಕೆ ವಿಭಾಗದ ಸಂಶೋಧನಾ ತೋಟ ಜಾಗ ಬಿಡಬೇಕಾಯಿತು. ಮಿನೆಸೋಟಾ ವಿಶ್ವವಿದ್ಯಾಲಯ 1982ರಲ್ಲಿ ಆವರಣ ಬಿಟ್ಟು ಮಿನಿಯಾಪೋಲಿಸ್ ನಗರದ ಛಾವಣಿ ಕ್ರೀಡಾಂಗಣಕ್ಕೆ ಹೋಗಿ, 27 ವರ್ಷ ಬಾಡಿಗೆಗಿದ್ದು, 2009ರಲ್ಲಿ ಆವರಣಕ್ಕೆ ಮರಳಿತು. ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದ್ದೂ ಇದೇ ಕತೆ. ಹಳೆಯದನ್ನು ಕೆಡವಿ, ದಶಕಗಳ ಕಾಲ ಊರಿನ ದೊಡ್ಡ ಕ್ರೀಡಾಂಗಣದಲ್ಲಿ ಆಡಿ, 2014ರಲ್ಲಿ ಆವರಣದಲ್ಲಿ ಚಿಕ್ಕದೊಂದನ್ನು ಕಟ್ಟಿತು. ಅಕ್ಕಪಕ್ಕದ ಮನೆಯವರ ಗಲಾಟೆ ಅಲ್ಲೂ ಇತ್ತು. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಯೋಜನೆ ಮಾತ್ರ ಸುತ್ತಲಿನ ಕಪ್ಪುಜನರ ಬಡಾವಣೆಯ ವಿರೋಧದ ಮುಂದೆ ನಿಂತೇಹೋಯಿತು. 2018ರಲ್ಲಿ ಕರೆದ ಸಾರ್ವಜನಿಕ ಸಭೆ ಘೋಷಣೆಗಳ ನಡುವೆ ನಡೆಯದಾಯಿತು. ಆ ತಂಡ ಇಂದಿಗೂ ವೃತ್ತಿಪರ ತಂಡದ ಕ್ರೀಡಾಂಗಣದಲ್ಲೇ ಆಡುತ್ತದೆ.

ಕ್ರೀಡಾಂಗಣ ಬಂದರೆ ಊರಿನ ವ್ಯಾಪಾರ ಹೆಚ್ಚುತ್ತದೆ ಎಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ಈ ವಿಷಯ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ. ಜನ ಪಂದ್ಯದ ದಿನ ಖರ್ಚು ಮಾಡುವ ದುಡ್ಡು ಸಾಮಾನ್ಯವಾಗಿ ಅದೇ ಊರಿನಲ್ಲಿ ಬೇರೆ ಯಾವುದಕ್ಕೋ ಖರ್ಚಾಗುತ್ತಿದ್ದ ದುಡ್ಡೇ. ವರ್ಷಕ್ಕೆ ಏಳು ದಿನ ವ್ಯಾಪಾರವಾದರೆ ಹೋಟೆಲಿನವರು ಉಳಿದ ದಿನ ಏನು ಮಾಡಬೇಕು?

ಇನ್ನು ಆ ಫೋಟೋ. ಅಂಥ ಗೋಡೆಯ ಚಿತ್ರ ಬಂದರೆ, ಅದು 2010ಕ್ಕೆ ಮೊದಲಿನದಾಗಿರುವ ಸಾಧ್ಯತೆಯೇ ಹೆಚ್ಚು. ಈಗ ಅಲ್ಲಿ ಆಸನಗಳು ಹಾಳೆಯ ಮೇಲೆ ಕೂತಿವೆ, ಸಂದುಗಳು ಮುಚ್ಚಳದಡಿ ಕಾಯುತ್ತಿವೆ. ಹೇವರ್ಡ್ ಬಿರುಕಿನಲ್ಲಿ ದೊಡ್ಡ ಭೂಕಂಪಗಳ ನಡುವಿನ ಸರಾಸರಿ ಅಂತರ ಸುಮಾರು 150 ವರ್ಷ. ಕೊನೆಯದು ಆಗಿದ್ದು 1868ರಲ್ಲಿ. ಎಂಜಿನಿಯರುಗಳ ಲೆಕ್ಕ ಸರಿಯೋ ತಪ್ಪೋ ಎನ್ನುವುದು ಮುಂದಿನದು ಬಂದ ದಿನ ಗೊತ್ತಾಗುತ್ತದೆ. ಅಲ್ಲಿಯವರೆಗೆ ಅಂಕಣದ ಪೂರ್ವದ ಅಂಚು ಒಂದು ಕಡೆಗೆ, ಪಶ್ಚಿಮದ ಅಂಚು ಇನ್ನೊಂದು ಕಡೆಗೆ, ಪ್ರತಿ ವರ್ಷ 5 ಮಿಲಿಮೀಟರ್ ಸರಿಯುತ್ತಲೇ ಇರುತ್ತವೆ.